‘ಯೆಸ್ ಟು ಆಲ್’ ಒತ್ತಿದ ದಿನ

ಇವತ್ತು ನಾನೇ ಮಾಡಿದ ಒಂದು ಎಡವಟ್ಟಿನಿಂದ ಶುರು ಮಾಡ್ತೀನಿ.

ಬಿಕಾಂ ಮುಗಿಸಿ ಒಂದು ಆಡಿಟರ್ ಆಫೀಸಲ್ಲಿ ಕೆಲಸಕ್ಕಿದ್ದೆ. ತಿಂಗಳ 20ನೇ ತಾರೀಖು, ಜಿಎಸ್‌ಟಿ ರಿಟರ್ನ್‌ಗೆ ಕೊನೇ ದಿನ. ಕಂಪ್ಯೂಟರ್ ಸ್ಲೋ ಆಗಿದೆ ಅಂತ, ಯಾರೂ ಬಳಸದ ಒಂದು ಬಿಲ್ಲಿಂಗ್ ಸಾಫ್ಟ್‌ವೇರ್ ತೆಗೆಯೋಕೆ ಹೋದೆ. ‘ಇದು ಶೇರ್ಡ್ ಫೈಲು, ಈಗ ಯಾರೂ ಬಳಸ್ತಿಲ್ಲ, ತೆಗೀಲಾ?’ ಅಂತ ಕೇಳ್ತು. ‘ಯೆಸ್ ಟು ಆಲ್’ ಒತ್ತಿದೆ. ಆಮೇಲೆ ನಮ್ಮ ಲೆಕ್ಕದ ಸಾಫ್ಟ್‌ವೇರ್ ತೆರೆದ್ರೆ, ಡಿಎಲ್‌ಎಲ್ ಸಿಗ್ತಿಲ್ಲ ಅಂತ ಒಂದು ಸಾಲು. ಎದೆ ಧಸಕ್ ಅಂತು.

ಡಿಎಲ್‌ಎಲ್ ಅಂದ್ರೆ ಹಲವು ಸಾಫ್ಟ್‌ವೇರ್‌ಗಳು ಸೇರಿ ಬಳಸಬಹುದಾದ ಕೋಡ್ ಫೈಲು. ವಿಂಡೋಸ್ ರಿಜಿಸ್ಟ್ರಿಯಲ್ಲಿ ಇದಕ್ಕೊಂದು ಲೆಕ್ಕ ಇರುತ್ತೆ. ಇನ್‌ಸ್ಟಾಲ್ ಆದಾಗ ಒಂದು ಕೂಡಬೇಕು, ತೆಗೆದಾಗ ಒಂದು ಕಳೀಬೇಕು. ನಮ್ಮ ಲೆಕ್ಕದ ಸಾಫ್ಟ್‌ವೇರನ್ನ ಯಾರೋ ಹಳೇ ಕಂಪ್ಯೂಟರಿಂದ ಬರೀ ಫೋಲ್ಡರ್ ಕಾಪಿ ಮಾಡಿ ತಂದಿದ್ರು. ಪುಸ್ತಕದಲ್ಲಿ ಅದರ ಎಂಟ್ರಿನೇ ಇಲ್ಲ! ಬ್ಯಾಲೆನ್ಸ್ ಸೊನ್ನೆ ತೋರಿಸ್ತು.

ಇಂಥ ಗೋಜಲಿಗೇ 1999ರಲ್ಲಿ ವಿಂಡೋಸ್ ಇನ್‌ಸ್ಟಾಲರ್ ಬಂತು. ಅದರಲ್ಲಿ ಪ್ರತಿ ಕಾಂಪೊನೆಂಟ್‌ಗೂ ಒಂದು ಗುರುತಿನ ಸಂಖ್ಯೆ. ಜೊತೆಗೆ ‘ಮರ್ಜ್ ಮಾಡ್ಯೂಲ್’ ಅನ್ನೋ ಗಂಟು: ಫೈಲು, ರಿಜಿಸ್ಟ್ರಿ ನಮೂದು, ಆ ಸಂಖ್ಯೆ, ಎಲ್ಲ ಒಟ್ಟಿಗೆ. ಹತ್ತು ಕಂಪನಿಗಳು ತಮ್ಮ ಇನ್‌ಸ್ಟಾಲರ್‌ಗೆ ಅದೇ ಗಂಟು ಸೇರಿಸಿದ್ರೂ ಸಂಖ್ಯೆ ಒಂದೇ, ಲೆಕ್ಕ ತಾಳೆ ಆಗುತ್ತೆ.

ತೊಂದರೆ ಏನು ಗೊತ್ತಾ? ಗಂಟಿನೊಳಗಿನ ಫೈಲಲ್ಲೇ ದೋಷ ಸಿಕ್ರೆ ಹತ್ತೂ ಕಂಪನಿ ಹೊಸ ಇನ್‌ಸ್ಟಾಲರ್ ಕಟ್ಟಬೇಕು. ಹಾಗಂತ ಶೇರಿಂಗೇ ಬೇಡ, ಪ್ರತಿಯೊಬ್ಬರೂ ಸ್ವಂತ ಕಾಪಿ ಇಟ್ಕೊಳ್ಳಿ ಅಂದ್ರೆ? 2023ರ ಸೆಪ್ಟೆಂಬರಲ್ಲಿ ಫೋಟೋ ತೋರಿಸೋ ಲಿಬ್‌ವೆಬ್‌ಪಿ ಲೈಬ್ರರಿಯಲ್ಲಿ ದೊಡ್ಡ ದೋಷ ಸಿಕ್ತು. ಕ್ರೋಮ್ ಒಂದು ಅಪ್‌ಡೇಟ್ ಆದ್ರೆ ಸಾಲದು, ಅದನ್ನ ಒಳಗಿಟ್ಟುಕೊಂಡ ಪ್ರತಿ ಆ್ಯಪೂ ಆಗಬೇಕಿತ್ತು.

ಅದಕ್ಕೇ ಮೈಕ್ರೋಸಾಫ್ಟ್ ಈಗ ವಿಷುವಲ್ ಸಿ++ ಫೈಲುಗಳಿಗೆ ಮರ್ಜ್ ಮಾಡ್ಯೂಲ್ ಬೇಡ, ರೀಡಿಸ್ಟ್ರಿಬ್ಯೂಟಬಲ್ ಪ್ಯಾಕೇಜನ್ನ ಬೇರೆಯಾಗಿ ಹಾಕಿ ಅನ್ನುತ್ತೆ. ಒಂದು ಕಡೆ ರಿಪೇರಿ ಮಾಡಿದ್ರೆ ಎಲ್ಲರಿಗೂ ಆಯ್ತು. ನನಗಂತೂ ಇದೇ ಸರಿ ಅನ್ಸುತ್ತೆ. ನಿಮ್ಮ ಲ್ಯಾಪ್‌ಟಾಪಲ್ಲಿ ಆ ಹೆಸರು ನಾಲ್ಕೈದು ಸಲ ಕಾಣಿಸುತ್ತಲ್ಲ, ಜಾಗ ಉಳಿಸೋಕೆ ಅಂತ ಅಳಿಸಬೇಡಿ ಮತ್ತೆ.

ಅವತ್ತು ನಾನೇನು ಮಾಡ್ದೆ? ತೆಗೆದ ಬಿಲ್ಲಿಂಗ್ ಸಾಫ್ಟ್‌ವೇರನ್ನೇ ವಾಪಸ್ ಇನ್‌ಸ್ಟಾಲ್ ಮಾಡ್ದೆ. ರಿಟರ್ನ್ ಹೋಗಿದ್ದು ರಾತ್ರಿ 11.40ಕ್ಕೆ. ಯಾರೂ ಬಳಸದ ಆ ಸಾಫ್ಟ್‌ವೇರ್, ನಾನು ಕೆಲಸ ಬಿಡೋವರೆಗೂ ಅಲ್ಲೇ ಇತ್ತು.