ಸರಕಿನ ಕೊಂಡಿ, ಕಾರ್ಮಿಕನ ಕೊಂಡಿ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಬೇರೆ ಬೇರೆ ಕಚೇರಿಗಳ ಗಣಕಯಂತ್ರದ ಲೆಕ್ಕಗಳನ್ನು ಒಂದೇ ವೇದಿಕೆಯಲ್ಲಿ ಕೂಡಿಸುವುದು ಇಂದಿನ ನನ್ನ ವಿಷಯ. ಇದು ಮಾಲೀಕರ ಮಾತು, ನಮಗೇಕೆ ಎಂದು ತಾವು ಕೇಳಬಹುದು. ಮೂಟೆ ಹೊರುವವನಿಗೂ ತಟ್ಟೆ ಎತ್ತುವವನಿಗೂ ಇದರಲ್ಲಿ ಪಾಲಿದೆಯೆಂದು ತೋರಿಸುವುದೇ ನನ್ನ ಉದ್ದೇಶ.

ಆಂಧ್ರದ ವಿಶಾಖಪಟ್ಟಣವನ್ನು ನೋಡೋಣ. ಅಲ್ಲಿಯ ಬಂದರು 1933ರಲ್ಲಿ ಆರಂಭವಾದುದು. ಅಲ್ಲಿಂದ ರೈಲಿನಲ್ಲಿ ಸುಮಾರು 350 ಕಿಲೋಮೀಟರು ಬಂದರೆ ವಿಜಯವಾಡ. ಚೆನ್ನೈಯಿಂದ ಹೌರಾಕ್ಕೂ ದೆಹಲಿಗೂ ಹೋಗುವ ದಾರಿಗಳು ಕವಲೊಡೆಯುವ ದೊಡ್ಡ ಜಂಕ್ಷನ್ನು. ಹಡಗಿನಿಂದ ಇಳಿದ ಒಂದು ಕಂಟೇನರು ವಿಜಯವಾಡಕ್ಕೆ ಹೊರಟಿತೆನ್ನಿ. ಸುಂಕದವರ ಲೆಕ್ಕ ‘ಐಸ್‌ಗೇಟ್’ನಲ್ಲಿ; ಬಂದರಿನವರದು ಬೇರೆ; ರೈಲ್ವೆಯ ಸರಕಿನ ಲೆಕ್ಕ ‘ಎಫ್‌ಒಐಎಸ್’ನಲ್ಲಿ; ಲಾರಿಯ ನೋಂದಣಿ ‘ವಾಹನ್’ನಲ್ಲಿ; ಟೋಲಿನದು ‘ಫಾಸ್ಟ್ಯಾಗ್’ನಲ್ಲಿ; ಮಾಲೀಕನ ದಾಸ್ತಾನಿನ ಲೆಕ್ಕ ಆರನೆಯದು. ಸರಕು ಒಂದೇ. ಆದರೆ ಒಬ್ಬರು ಅದನ್ನು ಕಂಟೇನರಿನ ನಂಬರಿನಿಂದ, ಇನ್ನೊಬ್ಬರು ವ್ಯಾಗನ್ನಿನ ನಂಬರಿನಿಂದ, ಮತ್ತೊಬ್ಬರು ಲಾರಿಯ ನಂಬರಿನಿಂದ ಗುರುತಿಸುತ್ತಾರೆ. ಇವು ಒಂದನ್ನೊಂದು ಅರಿಯದಿದ್ದರೆ ಗುಮಾಸ್ತ ಕಚೇರಿ ಕಚೇರಿಗೆ ಫೋನು ಮಾಡಬೇಕು. ತಡವಾದಷ್ಟೂ ಬಂದರಿನ ಬಾಡಿಗೆ ಏರುತ್ತದೆ. ಇಳಿಸಲು ಬಂದ ಹಮಾಲರು ಗೋದಾಮಿನ ಬಾಗಿಲಲ್ಲಿ ಕಾಯುತ್ತ ಕೂರುತ್ತಾರೆ. ಮೂಟೆಯ ಲೆಕ್ಕದಲ್ಲಿ ಕೂಲಿಯಾದರೆ ಕಾದ ಹೊತ್ತಿಗೆ ಕಾಸಿಲ್ಲ.

ನಮ್ಮ ಹೋಟೆಲನ್ನೇ ನೆನೆಯಿರಿ. ಸಪ್ಲಾಯರ್ ದೋಸೆಯವನಿಗೊಮ್ಮೆ, ಕಾಫಿಯವನಿಗೊಮ್ಮೆ, ಗಲ್ಲಾದವನಿಗೊಮ್ಮೆ ಕೂಗಿದರೆ ಗದ್ದಲದಲ್ಲಿ ಒಂದು ವಡೆ ತಪ್ಪಿಯೇ ತಪ್ಪುತ್ತದೆ. ಎಲ್ಲರೂ ಒಂದೇ ಚೀಟಿ ನೋಡಿದರೆ ಜಗಳವಿಲ್ಲ. ಯಂತ್ರಗಳಿಗೂ ಇದೇ ನ್ಯಾಯ. ಆರು ಲೆಕ್ಕಗಳನ್ನು ಪರಸ್ಪರ ಜೋಡಿಸಲು 15 ಕೊಂಡಿ ಬೇಕು. ನಡುವೆ ಒಂದು ವೇದಿಕೆಯಿದ್ದರೆ ಆರೇ ಸಾಕು. ಏಳನೆಯವನು ಬಂದರೆ ಮೊದಲ ಕ್ರಮದಲ್ಲಿ ಇನ್ನಾರು ಕೊಂಡಿ, ಎರಡನೆಯದರಲ್ಲಿ ಒಂದೇ.

ಇಂಥ ವೇದಿಕೆಯನ್ನೇ ಕೇಂದ್ರ ಸರ್ಕಾರವು 2022ರ ಸೆಪ್ಟೆಂಬರ್ 17ರಂದು, ಸರಕು ಸಾಗಣೆಯ ರಾಷ್ಟ್ರೀಯ ನೀತಿಯೊಡನೆ, ‘ಯುಲಿಪ್’ ಎಂಬ ಹೆಸರಿನಲ್ಲಿ ತಂದಿತು. ಹಲವು ಸಚಿವಾಲಯಗಳ ಮೂವತ್ತಕ್ಕೂ ಹೆಚ್ಚು ಗಣಕವ್ಯವಸ್ಥೆಗಳು ಅದರಲ್ಲಿ ಕೂಡಿವೆ. ಅವರವರ ಲೆಕ್ಕ ಅವರವರಲ್ಲೇ ಉಳಿಯುತ್ತದೆ. ನೋಂದಾಯಿಸಿಕೊಂಡ ವ್ಯಾಪಾರಿ ತನ್ನ ಸಾಫ್ಟ್‌ವೇರಿನಿಂದಲೇ ಬೇಕಾದ ವಿವರ ಕೇಳಿ ಪಡೆಯಬಹುದು. ಲಾರಿ ಬರುವ ಹೊತ್ತು ಮೊದಲೇ ತಿಳಿದರೆ ಹಮಾಲರನ್ನೂ ಅದೇ ಹೊತ್ತಿಗೆ ಕರೆಯಬಹುದು. ಉಳಿದ ಹೊತ್ತಿನ ಲಾಭದಲ್ಲಿ ಅವರಿಗೂ ಪಾಲು ಬೇಕೆಂದು ಕೇಳುವುದು ನಮ್ಮ ಕೆಲಸ.

ನಮಗೂ ಇಂಥ ಕೊಂಡಿಯೊಂದುಂಟು. ಹಿಂದೆ ಕೆಲಸ ಬದಲಿಸಿದಾಗಲೆಲ್ಲ ಪ್ರಾವಿಡೆಂಟ್ ಫಂಡಿನ ನಂಬರೂ ಬದಲಾಗುತ್ತಿತ್ತು. ಹಳೆಯ ಹಣ ಹಳೆಯ ಖಾತೆಯಲ್ಲೇ ಉಳಿಯುತ್ತಿತ್ತು. 2014ರಿಂದ ಕಾರ್ಮಿಕನಿಗೆ ಹನ್ನೆರಡು ಅಂಕಿಗಳ ಒಂದೇ ನಂಬರು, ಯುಎಎನ್. ಎಷ್ಟು ಕಡೆ ದುಡಿದರೂ ಅದೇ.

ಆದರೆ, ಬಂಧುಗಳೆ, ಕೊಂಡಿಯು ಬರೆದದ್ದನ್ನು ಸಾಗಿಸೀತೇ ಹೊರತು ತಪ್ಪನ್ನು ತಿದ್ದಲಾರದು. ಶೆಟ್ಟಿ ಎಂಬುದನ್ನು ಇಂಗ್ಲಿಷಿನಲ್ಲಿ ಒಂದೆಡೆ ‘ವೈ’ ಅಕ್ಷರದಿಂದ, ಇನ್ನೊಂದೆಡೆ ‘ಐ’ ಅಕ್ಷರದಿಂದ ಮುಗಿಸಿದರೆ ಯಂತ್ರಕ್ಕೆ ಅವರು ಇಬ್ಬರು, ಹಣ ತಡೆಯುತ್ತದೆ. ಮಾಲೀಕ ಹೆಸರನ್ನೇ ಬರೆಸದಿದ್ದರೆ ಯಾವ ವೇದಿಕೆಯೂ ನಮ್ಮನ್ನು ಕಾಣದು. ಇಪ್ಪತ್ತು ಮಂದಿ ದುಡಿಯುವ ಹೋಟೆಲಿಗೆ ಫಂಡಿನ ಕಾನೂನು ಅನ್ವಯಿಸುತ್ತದೆಂಬುದನ್ನು ನೆನಪಿಡಿ.

ಆದ್ದರಿಂದ ತಮ್ಮ ನಂಬರು ತಿಳಿದುಕೊಳ್ಳಿ. ಹೆಸರು, ಹುಟ್ಟಿದ ತಾರೀಖು ಆಧಾರಿಗೆ ಹೊಂದುತ್ತವೆಯೆ ನೋಡಿ. ಹಣ ತುಂಬಿದ್ದಾರೆಯೆ ಎಂದು ಪಾಸ್‌ಬುಕ್ಕಿನಲ್ಲಿ ನೋಡಿ. ಓದುಬರಹ ಬಲ್ಲವರು ಬಾರದವರಿಗೆ ನೆರವಾಗಲಿ.

ಕಂಟೇನರು ಎಲ್ಲಿದೆಯೆಂದು ಕುಳಿತಲ್ಲೇ ತಿಳಿಯುವ ಕಾಲದಲ್ಲಿ, ಅದನ್ನು ಇಳಿಸಿದವನ ಹೆಸರು ಯಾವ ಪುಸ್ತಕದಲ್ಲೂ ಇಲ್ಲದಿರುವುದು ನ್ಯಾಯವೆ? ಸರಕಿಗೆ ದೊರೆತ ಕೊಂಡಿ ದುಡಿಯುವವನಿಗೂ ದೊರೆಯಲಿ.