ಸಂಶಯ ಮತ್ತು ಸಾಕ್ಷ್ಯದ ನಡುವೆ

(ಯುವಜನರ ಸಭೆಯೊಂದರಲ್ಲಿ ಚಲನಚಿತ್ರ ಪ್ರದರ್ಶನದ ಬಳಿಕ ಮಾಡಿದ ಭಾಷಣದ ಲಿಖಿತ ರೂಪ)



ನಾವೆಲ್ಲ ಈಗ ಜೊತೆಯಾಗಿ ವೀಕ್ಷಿಸಿದ ‘ಎ ಮೋಸ್ಟ್ ವಾಂಟೆಡ್ ಮ್ಯಾನ್’ 2014ರ ಚಿತ್ರ. ಅದರ ಮೂಲ, ಅದೇ ಹೆಸರಿನಲ್ಲಿ 2008ರಲ್ಲಿ ಪ್ರಕಟವಾದ ಕಾದಂಬರಿ. ಲೇಖಕ ಜಾನ್ ಲೆ ಕಾರೆ ಒಂದು ಕಾಲದಲ್ಲಿ ಸ್ವತಃ ಬ್ರಿಟಿಷ್ ಗುಪ್ತಚರ ಸೇವೆಯಲ್ಲಿದ್ದವರು. ಆದ್ದರಿಂದಲೇ ಇರಬೇಕು, ಇಲ್ಲಿ ಗುಂಡಿನ ಸದ್ದಿಲ್ಲ, ನಾಯಕನ ಸಾಹಸಗಳಿಲ್ಲ. ಇರುವುದು ದೀರ್ಘ ಕಾಯುವಿಕೆ ಮತ್ತು ಇಲಾಖೆಗಳ ನಡುವಿನ ಮತ್ಸರ.

ಕಥೆ ನಡೆಯುವುದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. 2001ರ ಸೆಪ್ಟೆಂಬರ್ 11ರ ದಾಳಿಯ ಸಂಚುಕೋರರಲ್ಲಿ ಕೆಲವರು ವಾಸವಾಗಿದ್ದ ನಗರವದು. ಅಂತಹ ಪ್ರಮಾದ ಮರುಕಳಿಸೀತೆಂಬ ಭಯ ಅಲ್ಲಿನ ಅಧಿಕಾರಿಗಳನ್ನು ಕಾಡುತ್ತಿದೆ. ಅಲ್ಲಿಗೆ ಈಸಾ ಎಂಬ ಚೆಚೆನ್ ಯುವಕ ಕದ್ದು ಬರುತ್ತಾನೆ. ನೀರಿನಿಂದ ಮೇಲೆದ್ದು ಬಂದ ಆ ಗಡ್ಡಧಾರಿಯನ್ನು ಕಂಡಾಗ ನಮ್ಮ ಮನಸ್ಸು ಏನು ಹೇಳಿತು? ಪ್ರಾಮಾಣಿಕವಾಗಿ ಒಪ್ಪಿಕೊಳ್ಳೋಣ. ನಾವೂ ಅವನನ್ನು ಸಂಶಯಿಸಿದೆವು. ಬೆನ್ನಿನ ಮೇಲಿನ ಚಿತ್ರಹಿಂಸೆಯ ಗುರುತುಗಳನ್ನು ನೋಡಿದ ಮೇಲೆಯೇ ನಮಗೆ ನಾಚಿಕೆಯಾಯಿತು. ತಂದೆ ಅನ್ಯಾಯದಿಂದ ಗಳಿಸಿ ಬ್ಯಾಂಕಿನಲ್ಲಿಟ್ಟ ಸಂಪತ್ತು ಅವನಿಗೆ ಬೇಡ. ಅದು ಸತ್ಕಾರ್ಯಕ್ಕೆ ಸಲ್ಲಬೇಕೆಂಬುದೇ ಅವನ ಬಯಕೆ.

ಗುಪ್ತಚರ ಅಧಿಕಾರಿ ಬಾಖ್‌ಮನ್ ಅವನನ್ನು ಕೂಡಲೇ ಬಂಧಿಸುವುದಿಲ್ಲ. ಅವನ ಮೂಲಕ ಗಣ್ಯ ದಾನಿ ಡಾ. ಅಬ್ದುಲ್ಲಾರನ್ನು, ಅವರ ಮೂಲಕ ಇನ್ನೂ ಮೇಲಿನವರನ್ನು ತಲುಪುವುದು ಅವನ ಯೋಜನೆ. ಕೊನೆಯಲ್ಲಿ ಮೇಲಧಿಕಾರಿಗಳೂ ಅಮೆರಿಕನ್ನರೂ ಅವನಿಗೆ ಕೊಟ್ಟ ಮಾತು ಮುರಿದು, ನಡುಬೀದಿಯಲ್ಲೇ ಇಬ್ಬರನ್ನೂ ಎಳೆದೊಯ್ಯುತ್ತಾರೆ. ತಪ್ಪಿತಸ್ಥ ಯಾರು, ನಿರಪರಾಧಿ ಯಾರು ಎಂದು ವಿಚಾರಿಸುವ ವ್ಯವಧಾನ ಅವರಿಗಿಲ್ಲ.

ಇದು ಬರಿಯ ಕಲ್ಪನೆಯಲ್ಲ. ಜರ್ಮನಿಯ ಬ್ರೆಮೆನ್‌ನಲ್ಲಿ ಹುಟ್ಟಿದ ತುರ್ಕಿ ಯುವಕ ಮುರಾತ್ ಕುರ್ನಾಜ್ 2001ರಲ್ಲಿ ಪಾಕಿಸ್ತಾನದಲ್ಲಿ ಬಂಧಿತನಾಗಿ ಗ್ವಾಂಟನಾಮೋ ಸೇರಿದ. ಯಾವ ಆರೋಪವೂ ಸಾಬೀತಾಗದೆ ಅವನು ಬಿಡುಗಡೆಯಾದದ್ದು 2006ರಲ್ಲಿ. ಕಳೆದುಹೋದ ಯೌವನದ ಆ ವರ್ಷಗಳನ್ನು ಮರಳಿಸುವವರು ಯಾರು?

ಆದರೆ ಪ್ರಭುತ್ವವನ್ನು ದೂಷಿಸಿ ಎದ್ದು ಹೋದರೆ ನಾವು ಚಿತ್ರವನ್ನು ಅರ್ಧವೇ ನೋಡಿದಂತೆ. ಡಾ. ಅಬ್ದುಲ್ಲಾ ಕಪಟಿಯಲ್ಲ, ಅವರ ದಾನವೂ ನಿಜ. ಆದರೂ ಅದರ ಒಂದು ಸಣ್ಣ ಪಾಲು ಹಡಗು ಕಂಪೆನಿಯೊಂದರ ಮೂಲಕ ದಾರಿ ತಪ್ಪುತ್ತದೆ. ಸಮುದಾಯದ ಹಣಕ್ಕೆ ಪೈಸೆ ಪೈಸೆಯ ಲೆಕ್ಕವಿರಬೇಕು. ಲೆಕ್ಕವಿಲ್ಲದ ಕಡೆ ಸಂಶಯಕ್ಕೆ ನಾವೇ ಬಾಗಿಲು ತೆರೆದಂತೆ.

ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯವು ಅತಿ ಸಂಶಯವನ್ನೂ ಪರರ ಗುಟ್ಟು ಹುಡುಕುವುದನ್ನೂ ಒಂದೇ ಸೂಕ್ತದಲ್ಲಿ ನಿಷೇಧಿಸಿದೆ. ಒಂದು ಇನ್ನೊಂದಕ್ಕೆ ಹೇಗೆ ಜನ್ಮ ಕೊಡುತ್ತದೆಂಬುದನ್ನು ಇಂದು ಕಣ್ಣಾರೆ ಕಂಡೆವು. ಈ ಚಿತ್ರದಲ್ಲಿ ತಂದೆಯ ಸುದ್ದಿಯನ್ನು ಬಾಖ್‌ಮನ್‌ಗೆ ಒಯ್ಯುವವನು ಸ್ವಂತ ಮಗ. ಮನೆಯೊಳಗಿನ ವಿಶ್ವಾಸವೇ ಕುಸಿದ ಮೇಲೆ ಯಾವ ಸುರಕ್ಷೆ ಉಳಿದೀತು?

ನೆರೆಯವರ ಬಗ್ಗೆ, ಅಪರಿಚಿತನ ಬಗ್ಗೆ ಸುದ್ದಿ ಬಂದಾಗ ನಾವು ಮೊದಲು ಸಾಕ್ಷ್ಯವನ್ನು ಕೇಳೋಣ. ನಮಗಾಗಿ ಬಯಸುವ ಈ ನ್ಯಾಯವನ್ನು ಇತರರಿಗೂ ನೀಡೋಣ.