ಚೈನು ಬಿಡದ ಹಲ್ಲು

ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಹಿಂದಿನ ಗಾಲಿ ನೆಲ ಬಿಟ್ಟು ಮೇಲಿರಬೇಕು. ನಿಮ್ಮದು ಸೈಡ್ ಸ್ಟ್ಯಾಂಡಿನ ಸೈಕಲ್ಲಾದರೆ ಮನೆಯ ದೊಡ್ಡವರನ್ನು ಕರೆದು ಸೀಟು ಹಿಡಿದು ಎತ್ತಲು ಹೇಳಿ. ಟಯರಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ. ಈಗ ಪೆಡಲನ್ನು ಕೈಯಿಂದ ಮೆಲ್ಲಗೆ, ತೀರಾ ಮೆಲ್ಲಗೆ, ಒಂದೇ ಸುತ್ತು ತಿರುಗಿಸಿ. ಆ ಗೆರೆ ಎಷ್ಟು ಸುತ್ತು ಬಂತು? ಒಂದಕ್ಕಿಂತ ಹೆಚ್ಚೇ ಬಂದಿರುತ್ತದೆ. ಬೆರಳನ್ನು ಮಾತ್ರ ಚೈನಿನ ಹತ್ತಿರವಾಗಲಿ ಕಡ್ಡಿಗಳ ಹತ್ತಿರವಾಗಲಿ ಒಯ್ಯಬೇಡಿ.

ಇನ್ನು ಹಲ್ಲು ಎಣಿಸೋಣ. ಪೆಡಲಿನ ಬುಡದಲ್ಲಿರುವ ದೊಡ್ಡ ಹಲ್ಲುಚಕ್ರದಲ್ಲಿ 44 ಹಲ್ಲು, ಹಿಂದಿನ ಗಾಲಿಯ ನಡುವಿನ ಚಿಕ್ಕದರಲ್ಲಿ 18 ಹಲ್ಲು ಇವೆ ಎಂದುಕೊಳ್ಳಿ. ಪೆಡಲ್ ಒಂದು ಸುತ್ತು ಬಂದರೆ ಚೈನಿನ 44 ಕೊಂಡಿಗಳು ಮುಂದಕ್ಕೆ ಸಾಗುತ್ತವೆ. ಅಷ್ಟೂ ಕೊಂಡಿಗಳು ಹಿಂದಿನ ಚಕ್ರದ ಮೇಲೂ ಹಾದುಹೋಗಲೇಬೇಕು. ಅಲ್ಲಿರುವುದು ಬರೀ 18 ಹಲ್ಲು. ಹಾಗಾಗಿ ಅದು ಎರಡು ಸುತ್ತು ಮುಗಿಸಿ, ಮೂರನೆಯ ಸುತ್ತಿನ ಅರ್ಧದ ಹತ್ತಿರ ಬಂದು ನಿಲ್ಲುತ್ತದೆ. 44 ಅನ್ನು 18ರಿಂದ ಭಾಗಿಸಿ ನೋಡಿ, 2.44 ಬರುತ್ತದೆ. ಎಷ್ಟೇ ದುಬಾರಿ ಸೈಕಲ್ಲು ತಂದರೂ ಹಲ್ಲುಚಕ್ರಗಳ ಗೇರಿನ ಲೆಕ್ಕ ಇದೇ ಒಂದು ಭಾಗಾಕಾರ.

ಹಿಂದಿನ ಹಲ್ಲುಚಕ್ರ ದೊಡ್ಡದಾದಷ್ಟೂ ಉತ್ತರ ಚಿಕ್ಕದಾಗುತ್ತದೆ, ತುಳಿಯಲು ಹಗುರವಾಗುತ್ತದೆ. ಏಕೆ? ಆಗುಂಬೆ ಘಾಟಿಯ ರಸ್ತೆಯನ್ನು ನೆನೆಸಿಕೊಳ್ಳಿ. ಅದು ಬೆಟ್ಟವನ್ನು ನೇರವಾಗಿ ಹತ್ತುವುದಿಲ್ಲ, ಸುತ್ತಿ ಬಳಸಿ ಹತ್ತುತ್ತದೆ. ದಾರಿ ಉದ್ದವಾಗುತ್ತದೆ, ಆದರೆ ಒಂದೊಂದು ಹೆಜ್ಜೆಗೆ ಬೇಕಾದ ಬಲ ಕಡಿಮೆಯಾಗುತ್ತದೆ. ಹಿಂದಿನ ದೊಡ್ಡ ಹಲ್ಲುಚಕ್ರವೂ ಹಾಗೆಯೇ. ಬೆಟ್ಟ ಹತ್ತುವ ಒಟ್ಟು ಕೆಲಸವನ್ನು ಯಾವ ಗೇರೂ ಕಡಿಮೆ ಮಾಡಲಾರದು. ಆ ಕೆಲಸವನ್ನು ಅದು ಹೆಚ್ಚು ಸುತ್ತುಗಳಿಗೆ ಹಂಚಿಕೊಡುತ್ತದೆ, ಕಾಲಿಗೆ ಸುಧಾರಿಸಿಕೊಳ್ಳುವಷ್ಟು.

ಬೆಟ್ಟದ ಸೈಕಲ್ಲಿನ ಕಥೆ ಶುರುವಾದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿನ ಮರಿನ್ ಕೌಂಟಿಯಲ್ಲಿ ಟ್ಯಾಮಲ್‌ಪಾಯಸ್ ಎಂಬ ಬೆಟ್ಟವಿದೆ. 1970ರ ದಶಕದಲ್ಲಿ ಅದರ ಸುತ್ತಮುತ್ತಲಿನ ಹುಡುಗರು 1930–40ರ ಕಾಲದ ಹಳೆಯ ಭಾರದ ಸೈಕಲ್ಲುಗಳನ್ನು ಹುಡುಕಿ ತಂದು, ಮಣ್ಣುದಾರಿಯಲ್ಲಿ ಗುಡ್ಡದಿಂದ ಕೆಳಕ್ಕೆ ಬಿಡುತ್ತಿದ್ದರು. 1976ರಲ್ಲಿ ಪಂದ್ಯವನ್ನೂ ಏರ್ಪಡಿಸಿದರು. ಆ ಸೈಕಲ್ಲುಗಳಿಗೆ ಗೇರಿರಲಿಲ್ಲ, ಮುಂದೆ ಒಂದು ಹಲ್ಲುಚಕ್ರ, ಹಿಂದೆ ಒಂದು. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಂದಿನ ಗಾಲಿಯೊಳಗಿನ ಬ್ರೇಕು ಹಿಡಿಯುತ್ತಿತ್ತು. ಇಳಿಜಾರಿನುದ್ದಕ್ಕೂ ಒತ್ತಿ ಒತ್ತಿ ಅದು ಎಷ್ಟು ಕಾಯುತ್ತಿತ್ತೆಂದರೆ ಒಳಗಿನ ಗ್ರೀಸು ಹೊಗೆಯಾಗಿ ಹೋಗಿಬಿಡುತ್ತಿತ್ತು! ಇಳಿಯುವುದೇನೋ ಸರಿ, ಹತ್ತುವುದು ಹೇಗೆ? ತಳ್ಳಿಕೊಂಡು ನಡೆಯಬೇಕು. ಅದಕ್ಕಾಗಿಯೇ ಗೇರುಗಳು ಬಂದವು. 1977ರಲ್ಲಿ ಜೋ ಬ್ರೀಝ್ ಎಂಬವರು ಬೆಟ್ಟಕ್ಕೆಂದೇ ಹೊಸ ಸೈಕಲ್ಲು ಕಟ್ಟಿದರು. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿ ಕಾರ್ಖಾನೆಯಲ್ಲಿ ತಯಾರಾದ ಸ್ಟಂಪ್‌ಜಂಪರ್ ಎಂಬ ಸೈಕಲ್ಲನ್ನು ಮಾರಾಟಕ್ಕೆ ತಂದಿತು. ಅದರಲ್ಲಿ ಮುಂದೆ ಮೂರು ಹಲ್ಲುಚಕ್ರ, ಹಿಂದೆ ಐದು. ಮೂರೈದಲ ಹದಿನೈದು ಗೇರು.

ಆಮೇಲೆ ಹಿಂದಿನವು ಏಳಾದವು, ಎಂಟಾದವು, ಒಂಬತ್ತಾದವು. ಮುಂದಿನ ಮೂರಂತೂ ಬಹಳ ಕಾಲ ಹಾಗೇ ಉಳಿದವು. ‘27 ಗೇರಿನ ಸೈಕಲ್’ ಎಂದರೆ ಕೇಳುವವರ ಕಣ್ಣು ಅರಳುತ್ತಿತ್ತು.

ಆ 27ರೊಳಗೆ ಇಳಿದು ನೋಡೋಣ, ಬನ್ನಿ. ಅಂಥ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿದ್ದ ಒಂದು ಜೋಡಣೆ ಹೀಗಿತ್ತು: ಮುಂದೆ 22, 32, 44 ಹಲ್ಲು. ಹಿಂದೆ 11, 13, 15, 17, 20, 23, 26, 30, 34. ಈಗ 44 ಅನ್ನು 30ರಿಂದ ಭಾಗಿಸಿ. ಆಮೇಲೆ 22 ಅನ್ನು 15ರಿಂದ ಭಾಗಿಸಿ. ಎರಡಕ್ಕೂ ಒಂದೇ ಉತ್ತರ! ಹಾಗೆಯೇ 44ಕ್ಕೆ 34, 22ಕ್ಕೆ 17. ಮತ್ತೆ 44ಕ್ಕೆ 26, 22ಕ್ಕೆ 13. ಬೇರೆ ಬೇರೆ ಗೇರು ಎಂದು ಎಣಿಸಿದ್ದು ಕಾಲಿಗೆ ಒಂದೇ. ಇನ್ನು ಕೆಲವು ಕೂದಲೆಳೆಯಷ್ಟೇ ಬೇರೆ: 44ಕ್ಕೆ 23 ಹಾಕಿದರೆ 1.91, 32ಕ್ಕೆ 17 ಹಾಕಿದರೆ 1.88. ಇಪ್ಪತ್ತೇಳನ್ನೂ ಭಾಗಿಸಿ, ಸಾಲಾಗಿ ಬರೆದು ನೋಡಿ. ನಿಜವಾಗಿ ಬೇರೆ ಎನ್ನಬಹುದಾದವು ಅರ್ಧದಷ್ಟು ಸಿಕ್ಕಾವು.

ಹಾಗಾದರೆ ಮುಂದಿನ ಎರಡನ್ನು ಕಿತ್ತು, ಒಂದನ್ನೇ ಉಳಿಸಿಕೊಂಡರಾಗದೆ? ಈ ಯೋಚನೆ ಅನೇಕರಿಗೆ ಬಂದಿತ್ತು. ಆದರೆ ಕಿತ್ತು ನೋಡಿದವರಿಗೆ ಒಂದು ತೊಂದರೆ ಎದುರಾಯಿತು. ಕಲ್ಲುದಾರಿಯಲ್ಲಿ ನಾಲ್ಕು ಸಲ ಕುಲುಕಿದರೆ ಚೈನು ಬಿದ್ದುಹೋಗುತ್ತಿತ್ತು.

ಇಲ್ಲಿಂದ ಮುಂದಿನ ವಿಷಯ ನನಗೆ ಬಹಳ ಇಷ್ಟ, ಸ್ವಲ್ಪ ನಿಧಾನವಾಗಿ ಹೋಗೋಣ. ಗೇರು ಬದಲಿಸುವಾಗ ಚೈನನ್ನು ಪಕ್ಕಕ್ಕೆ ತಳ್ಳುವ ಭಾಗಕ್ಕೆ ಡಿರೇಲರ್ ಎನ್ನುತ್ತಾರೆ. ಮುಂದಿನ ಡಿರೇಲರ್‌ನಲ್ಲಿ ಎರಡು ಲೋಹದ ತಗಡುಗಳಿರುತ್ತವೆ, ಅವುಗಳ ನಡುವೆ ಚೈನು ಓಡುತ್ತದೆ. ಅದರ ಕೆಲಸ ಚೈನನ್ನು ತಳ್ಳುವುದು ಎಂದೇ ಎಲ್ಲರೂ ತಿಳಿದಿದ್ದರು. ಅದು ಯಾರೂ ಹೇಳದೆಯೇ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಕುಲುಕಾಟದಲ್ಲಿ ಚೈನು ಆಚೀಚೆ ಹಾರದಂತೆ ಬೇಲಿಯಾಗಿ ನಿಂತಿತ್ತು. ಒಂದೇ ಹಲ್ಲುಚಕ್ರವಾದಾಗ ಡಿರೇಲರ್ ಬೇಡವಾಯಿತು. ಅದನ್ನು ತೆಗೆದಾಗ ಬೇಲಿಯೂ ಹೋಯಿತು.

ಇನ್ನೊಂದು ಕಾರಣ ಹಲ್ಲಿನಲ್ಲೇ ಇತ್ತು. ಮೂರು ಚಕ್ರಗಳಿದ್ದಾಗ ಚೈನು ಒಂದರಿಂದ ಇನ್ನೊಂದಕ್ಕೆ ದಾಟಬೇಕಲ್ಲ? ಅದೂ ತುಳಿತದ ಬಲಕ್ಕೆ ಬಿಗಿದುಕೊಂಡಿರುವ ಮೇಲ್ಭಾಗದ ಚೈನು! (ಹಿಂದಿನ ಡಿರೇಲರ್ ತಳ್ಳುವುದು ಕೆಳಭಾಗದ ಸಡಿಲ ಚೈನನ್ನು, ಆದ್ದರಿಂದ ಅದರ ಕೆಲಸ ಸಲೀಸು.) ದಾಟಲು ಅನುಕೂಲವಾಗಲೆಂದು ಮುಂದಿನ ಚಕ್ರಗಳ ಕೆಲವು ಹಲ್ಲುಗಳನ್ನು ಬೇಕೆಂದೇ ಮೋಟು ಮಾಡುತ್ತಿದ್ದರು. ಪಕ್ಕದಲ್ಲಿ ಪುಟ್ಟ ಇಳಿಜಾರುಗಳನ್ನು ಕೊರೆದು, ಚೈನನ್ನು ಎತ್ತಿಕೊಡಲು ಸಣ್ಣ ಮೊಳೆಗಳನ್ನು ಕೂರಿಸುತ್ತಿದ್ದರು. ಚೈನನ್ನು ಸುಲಭವಾಗಿ ಬಿಟ್ಟುಕೊಡಬೇಕಾದ ಹಲ್ಲುಗಳು ಅವು. ಒಂದೇ ಚಕ್ರವಿದ್ದರೆ ಚೈನನ್ನು ಬಿಟ್ಟುಕೊಡುವ ಮಾತೇ ಇಲ್ಲ. ಆ ಹಲ್ಲು ಮಾಡಬೇಕಾದ್ದು ಒಂದೇ ಕೆಲಸ, ಹಿಡಿದುಕೊಳ್ಳುವುದು. ಹಾಗಿದ್ದ ಮೇಲೆ ಅದರ ಆಕಾರವನ್ನೇ ಏಕೆ ಬದಲಿಸಬಾರದು?

ನಿಮ್ಮ ಸೈಕಲ್ಲಿನ ಚೈನನ್ನು ಮೇಲಿನಿಂದ ನೋಡಿ. ಎಲ್ಲ ಕೊಂಡಿಗಳೂ ಒಂದೇ ಥರ ಇಲ್ಲ. ಒಂದು ಕೊಂಡಿಯ ತಗಡುಗಳು ಒಳಗಡೆ ಇರುತ್ತವೆ, ಅವುಗಳ ನಡುವಿನ ಸಂದು ಕಿರಿದು. ಪಕ್ಕದ ಕೊಂಡಿಯ ತಗಡುಗಳು ಹೊರಗಡೆ, ಅಲ್ಲಿ ಸಂದು ಅಗಲ. ಕಿರಿದು, ಅಗಲ, ಕಿರಿದು, ಅಗಲ. ಇಡೀ ಚೈನು ಹೀಗೆಯೇ. ಹಳೆಯ ಹಲ್ಲುಚಕ್ರದ ಹಲ್ಲುಗಳೆಲ್ಲ ಸಮ ದಪ್ಪ, ಕಿರಿದಾದ ಸಂದಿಗೆ ಹೊಂದುವಷ್ಟು. ಅಗಲ ಸಂದಿಗೆ ಹೊಕ್ಕಾಗ ಎರಡೂ ಕಡೆ ಜಾಗ ಉಳಿದು ಚೈನು ಆ ಜಾಗದಲ್ಲಿ ಅಲುಗಾಡುತ್ತಿತ್ತು. 2012ರಲ್ಲಿ ಎಸ್‌ಆರ್‌ಎಎಮ್ ಎಂಬ ಕಂಪನಿ ಮಾರುಕಟ್ಟೆಗೆ ತಂದ ಹಲ್ಲುಚಕ್ರದಲ್ಲಿ ಹಲ್ಲುಗಳೂ ಚೈನಿನ ಹಾಗೆಯೇ ಇದ್ದವು: ಒಂದು ತೆಳು, ಒಂದು ದಪ್ಪ, ಮತ್ತೆ ತೆಳು, ಮತ್ತೆ ದಪ್ಪ. ದಪ್ಪ ಹಲ್ಲು ಅಗಲ ಸಂದಿಯನ್ನು ತುಂಬಿಕೊಂಡಿತು. ಅಲುಗಾಡಲು ಜಾಗವೇ ಉಳಿಯಲಿಲ್ಲ. ಹಲ್ಲುಗಳನ್ನು ಎತ್ತರವಾಗಿಯೂ ಮಾಡಿದ್ದರು.

ಇದರಲ್ಲೊಂದು ಗಣಿತ ಅಡಗಿದೆ. ಏಳು ಜನ ಗೆಳೆಯರು ಸುತ್ತಲೂ ಕೂತುಕೊಳ್ಳಿ. ಮೊದಲನೆಯವರು ‘ದಪ್ಪ’ ಎನ್ನಲಿ, ಪಕ್ಕದವರು ‘ತೆಳು’, ಅವರ ಪಕ್ಕದವರು ‘ದಪ್ಪ’. ಹೀಗೆ ಒಂದು ಸುತ್ತು ಮುಗಿದು ಎರಡನೆಯ ಸುತ್ತು ಶುರುವಾದಾಗ ಮೊದಲನೆಯವರ ಪಾಲಿಗೆ ಏನು ಬಂತು? ‘ತೆಳು’! ಎಂಟು ಜನ ಕೂತು ನೋಡಿ, ಎಷ್ಟು ಸುತ್ತು ಹೋದರೂ ‘ದಪ್ಪ’ ಅಂದವರಿಗೆ ‘ದಪ್ಪ’ವೇ ಬರುತ್ತದೆ. ಆದ್ದರಿಂದಲೇ ಇಂಥ ಹಲ್ಲುಚಕ್ರಗಳಲ್ಲಿ 30, 32, 34 ಹಲ್ಲುಗಳಿರುತ್ತವೆ. 33 ಹಲ್ಲಿಟ್ಟರೆ ಎರಡನೆಯ ಸುತ್ತಿನಲ್ಲಿ ದಪ್ಪ ಹಲ್ಲು ಕಿರಿದು ಸಂದಿಗೆ ಬಡಿಯುತ್ತದೆ. ಮೂರು ಚಕ್ರಗಳ ಕಾಲದಲ್ಲಿ ಈ ಉಪಾಯ ನಡೆಯುತ್ತಿರಲಿಲ್ಲ ಎಂಬುದನ್ನೂ ಈಗ ನೀವೇ ಹೇಳಬಲ್ಲಿರಿ. ಚೈನು ಬೇರೆ ಚಕ್ರಕ್ಕೆ ದಾಟಿ ಕೂತಾಗ ಅಗಲ ಸಂದು ದಪ್ಪ ಹಲ್ಲಿನ ಮೇಲೆಯೇ ಬೀಳುತ್ತದೆಂದು ಯಾರು ಹೇಳಬೇಕು?

ಹಿಂದಿನ ಡಿರೇಲರ್‌ಗೂ ಒಂದು ಹೊಸ ಅಂಗ ಬಂತು. ಗೇರಿನ ಸೈಕಲ್ಲಿನಲ್ಲಿ ಹಿಂದಿನ ಹಲ್ಲುಚಕ್ರಗಳ ಕೆಳಗೆ ಎರಡು ಪುಟ್ಟ ಚಕ್ರಗಳಿರುವ ಒಂದು ತೋಳು ಜೋತುಬಿದ್ದಿರುತ್ತದೆ. ಒಂದು ಸ್ಪ್ರಿಂಗು ಅದನ್ನು ಹಿಂದಕ್ಕೆ ಎಳೆದು ಚೈನನ್ನು ಬಿಗಿಯಾಗಿ ಇಟ್ಟಿರುತ್ತದೆ. ಗಾಲಿ ಕಲ್ಲಿನ ಮೇಲೆ ಧಡ್ಡನೆ ಬಿದ್ದಾಗ ಈ ತೋಳು ಮುಂದಕ್ಕೆ ತೂಗಿ ಚೈನು ಸಡಿಲವಾಗಿಬಿಡುತ್ತದೆ. ಅದಕ್ಕೆಂದು ತೋಳಿನ ಕೀಲಿನೊಳಗೆ ಕ್ಲಚ್ ಕೂರಿಸಿದರು. ತೋಳು ಹಿಂದಕ್ಕೆ ಹೋಗುವುದಾದರೆ ಅದು ತಡೆಯುವುದಿಲ್ಲ, ಮುಂದಕ್ಕೆ ತೂಗಲು ಹೊರಟರೆ ಉಜ್ಜುವಿಕೆಯ ಬಲದಿಂದ ಹಿಡಿದು ನಿಲ್ಲಿಸುತ್ತದೆ.

ಇನ್ನು ಏರು ಹತ್ತಲು ಬೇಕಾದ ಹಗುರ ಗೇರು ಎಲ್ಲಿಂದ ಬರಬೇಕು? ಹಿಂದಿನಿಂದಲೇ. 2012ರ ಆ ಜೋಡಣೆಯಲ್ಲಿ ಹಿಂದೆ 11 ಹಲ್ಲುಚಕ್ರಗಳಿದ್ದವು, ಅತಿ ದೊಡ್ಡದಕ್ಕೆ 42 ಹಲ್ಲು. 2016ರಲ್ಲಿ 12 ಚಕ್ರಗಳಾದವು, 10 ಹಲ್ಲಿನಿಂದ 50 ಹಲ್ಲಿನವರೆಗೆ. ಆ 50ರದ್ದು ಊಟದ ತಟ್ಟೆಯಷ್ಟು ಅಗಲ! ಅದೇ ವರ್ಷ ರಿಯೊ ಒಲಿಂಪಿಕ್ಸಿನ ಬೆಟ್ಟದ ಸೈಕಲ್ ಓಟದಲ್ಲಿ ಚಿನ್ನ ಗೆದ್ದ ಸ್ವಿಟ್ಜರ್‌ಲೆಂಡಿನ ನಿನೊ ಶುರ್ಟರ್ ಅವರ ಸೈಕಲ್ಲಿನಲ್ಲಿ ಮುಂದೆ ಇದ್ದದ್ದು ಒಂದೇ ಹಲ್ಲುಚಕ್ರ. 2018ರಲ್ಲಿ ಜಪಾನಿನ ಶಿಮಾನೊ ಕಂಪನಿಯೂ 10ರಿಂದ 51 ಹಲ್ಲಿನವರೆಗಿನ ಜೋಡಣೆ ತಂದಿತು.

ಇದರಲ್ಲಿ ಕಳೆದುಕೊಂಡದ್ದೂ ಇದೆ, ಅದನ್ನೂ ಲೆಕ್ಕ ಹಾಕೋಣ. ಹಳೆಯ ಜೋಡಣೆಯ ಅತಿ ಹಗುರ ಗೇರು 22ಕ್ಕೆ 34, ಅಂದರೆ ಸುಮಾರು 0.65. ಹೊಸದರಲ್ಲಿ 32ಕ್ಕೆ 50, ಅಂದರೆ 0.64. ಏರಿನಲ್ಲಿ ನಷ್ಟವೇನೂ ಆಗಲಿಲ್ಲ. ಅತಿ ಭಾರದ ಗೇರು ಹಳೆಯದರಲ್ಲಿ 44ಕ್ಕೆ 11, ಸರಿಯಾಗಿ 4. ಹೊಸದರಲ್ಲಿ 32ಕ್ಕೆ 10, ಬರೀ 3.2. ಇಳಿಜಾರಿನಲ್ಲಿ ತುಳಿದು ಇನ್ನೂ ವೇಗ ಹೆಚ್ಚಿಸುತ್ತೇನೆ ಎನ್ನುವವರಿಗೆ ಇದು ಸಾಲದು. ಆದರೆ ಕಾಡಿನ ಕಲ್ಲು–ಬೇರುಗಳ ಇಳಿಜಾರಿನಲ್ಲಿ ಯಾರೂ ಹಾಗೆ ತುಳಿಯುವುದಿಲ್ಲ, ಪೆಡಲಿನ ಮೇಲೆ ಎದ್ದುನಿಂತು ಬ್ರೇಕಿನ ಮೇಲೆ ಬೆರಳಿಟ್ಟಿರುತ್ತಾರೆ. ಡಾಂಬರು ರಸ್ತೆಯ ಓಟದವರ ಮಾತು ಬೇರೆ. ಅವರಿಗೆ ಗೇರಿನಿಂದ ಗೇರಿಗೆ ಅಂತರ ಕಡಿಮೆ ಇರಬೇಕು. 10 ಹಲ್ಲಿನಿಂದ 12ಕ್ಕೆ ಹೋದರೆ ಐದರಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸ ಬೀಳುತ್ತದೆ, ಕಾಲಿನ ಲಯ ಕೆಡುತ್ತದೆ. ಹಾಗಾಗಿ ಅವರಲ್ಲಿ ಅನೇಕರು ಇಂದಿಗೂ ಮುಂದೆ ಎರಡು ಇಟ್ಟುಕೊಂಡಿದ್ದಾರೆ. ಇನ್ನೊಂದು ಕೊರತೆ ಓರೆಯದು. ಮುಂದಿನ ಒಂದೇ ಚಕ್ರ ಹಿಂದಿನ ನಡುವಿನ ಚಕ್ರಗಳಿಗೆ ಮಾತ್ರ ನೇರ. ಒಳತುದಿಯ 50ಕ್ಕೆ ಹೋದಾಗ ಚೈನು ಓರೆಯಾಗಿ ಎಳೆದುಕೊಂಡು ಹೆಚ್ಚು ಉಜ್ಜುತ್ತದೆ, ಬೇಗ ಸವೆಯುತ್ತದೆ.

ಇಂಥ ಸೈಕಲ್ಲು ಕೊಳ್ಳುವವರಿಗೆ ಉಳಿಯುವ ಪ್ರಶ್ನೆ ಒಂದೇ, ಮುಂದೆ ಎಷ್ಟು ಹಲ್ಲಿನದು ಬೇಕು? ಹೊಸ ಬೆಟ್ಟದ ಸೈಕಲ್ಲುಗಳ ದೊಡ್ಡ ಗಾಲಿ ಒಂದು ಸುತ್ತಿಗೆ ಸುಮಾರು 2.3 ಮೀಟರ್ ಉರುಳುತ್ತದೆ. ಹಿಂದೆ 50 ಹಲ್ಲಿನದು ಇದ್ದಾಗ, ಮುಂದೆ 30 ಹಲ್ಲಿನದಾದರೆ ಪೆಡಲಿನ ಒಂದು ಸುತ್ತಿಗೆ ಸುಮಾರು 1.4 ಮೀಟರ್ ಸಾಗುತ್ತೀರಿ, 34ರದ್ದಾದರೆ ಸುಮಾರು 1.6. ಕೊಡಗಿನ ಏರುಗಳಿಗೆ 30 ಹಿತ. ಬಯಲುಸೀಮೆಯ ಚಪ್ಪಟೆ ದಾರಿಗೆ 34 ಹಾಕಿಸಿಕೊಂಡರೂ ಕಾಲು ಬೇಸರಿಸದು. ನಿಮ್ಮೂರಿನ ದಾರಿಗೆ ಯಾವುದು ಸರಿ ಎಂದು ಪೆನ್ಸಿಲ್ ಹಿಡಿದು ಲೆಕ್ಕ ಮಾಡಿ. 31 ಮಾತ್ರ ಬೇಡ.